ಉಣ್ಣೋ ಕೈ

೧೮ ಜೂನ್ ೨೦೦೩, ಬುಧವಾರ

ಇವತ್ತು ನಾನು ಕಪ್ಪೆಯಾದೆ.

ಬರೆಯಲೂ ನಾಚಿಕೆ. ಆದರೆ ಈ ದಿನಚರಿಯನ್ನು ಓದುವವನು ನಾನೊಬ್ಬನೇ, ಆದ್ದರಿಂದ ಬರೆಯುತ್ತೇನೆ. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ನಾನು ಶಿಳ್ಳೆ ಊದಿದರೆ ಮೈದಾನದಲ್ಲಿ ಮೇಯುವ ದನ ಕೂಡ ಅಟೆನ್ಷನ್‌ಗೆ ನಿಲ್ಲುತ್ತವೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅಂಥ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ಇವತ್ತು ತುಮಕೂರಿನಲ್ಲಿ, ಒಂದು ಮನೆಯ ಮಹಡಿಯ ಹಾಲ್‌ನಲ್ಲಿ, ಹೆಂಗಸರು ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು 'ವಟರ್ ವಟರ್' ಎಂದು ಕೂಗುತ್ತ ಕುಪ್ಪಳಿಸಿದರು. ಮಂಡಿ ಲಟಕ್ ಎಂದಿತು.

ಇದೆಲ್ಲ ಸೊಸೆ ಶೃತಿಯ ಏರ್ಪಾಡು. ಐದು ವರ್ಷದೊಳಗಿನ ಮಕ್ಕಳಿಗೆ ಹಾಡು, ಕುಣಿತ ಹೇಳಿಕೊಡುವ ಕ್ಲಾಸಂತೆ. ವಾರಕ್ಕೆರಡು ಸಂಜೆ, ಬುಧವಾರ ಮತ್ತು ಶುಕ್ರವಾರ. ಮಗುವನ್ನು ಬಿಟ್ಟು ಬರುವ ಹಾಗಿಲ್ಲ. ಮನೆಯವರೊಬ್ಬರು ಜೊತೆಗೇ ಇರಬೇಕು, ಮಗು ಮಾಡುವುದನ್ನೆಲ್ಲ ತಾವೂ ಮಾಡಬೇಕು. ಶೃತಿ ಬ್ಯಾಂಕಿನಿಂದ ಬರುವುದು ಆರಕ್ಕೆ. ಮಗ ಗಂಗಾಧರನಿಗೆ ಕರೆಂಟ್ ಆಫೀಸು. ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮನಿಗೆ ಮಹಡಿ ಮೆಟ್ಟಿಲು ಕಂಡರೆ ಮಂಡಿನೋವು. ಉಳಿದವನು ಪೆನ್ಷನ್ ತಿನ್ನುವ ನಾನು.

ಕ್ಲಾಸು ನಡೆಸುವ ಹುಡುಗಿಯ ಹೆಸರು ಶಾಂತಲಾ. ಕುಣಿಗಲ್ ಕಡೆಯವಳು, ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಅವಳಪ್ಪನ ರಾಗಿ ಹೊಲವಂತೆ. ಊರ ಹೆಸರಲ್ಲೇ ಕುಣಿ ಇದೆ, ಇನ್ನೇನು ಮಾಡಿಯಾಳು!

ನಾನು ಕುಪ್ಪಳಿಸಿದ್ದೇ ಬಂತು. ಯಾರಿಗಾಗಿ ಹೋಗಿದ್ದೆನೋ ಆ ಮೊಮ್ಮಗಳು ಇಂಪನಾ ಜಾಗ ಬಿಟ್ಟು ಕದಲಲಿಲ್ಲ. ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಗೋಡೆಗೊರಗಿ ಕೂತಿದ್ದಳು.

"ನಮ್ ಕಾಲದಲ್ಲಿ ಹಿಂಗೆ ಕೂತೋರ್ನ ಗ್ರೌಂಡ್ ಸುತ್ತಿಸ್ತಿದ್ವಿ" ಅಂದೆ.

"ಇಲ್ಲಿ ಗ್ರೌಂಡಿಲ್ಲ ಸರ್, ಟೆರೇಸ್ ಇದೆ. ನೀವು ಬೇಕಾದ್ರೆ ಸುತ್ಕೊಂಡು ಬನ್ನಿ, ಮಂಡಿ ಸಡಿಲ ಆಗುತ್ತೆ" ಅಂದಳು ಆ ಹುಡುಗಿ. ಎಷ್ಟು ಕೊಬ್ಬು!

೨೦ ಜೂನ್, ಶುಕ್ರವಾರ

ಇಂಪನಾ ಎಡಚಿ. ಇಷ್ಟೆಲ್ಲ ರಾಮಾಯಣ ಅದರಿಂದ.

ಮಗು ಯಾವ ಕೈಯಲ್ಲಿ ತಿಂದರೇನು ಎಂದು ಮನೆಯಲ್ಲಿ ಎಲ್ಲರೂ ಸುಮ್ಮನಿದ್ದೆವು. ಏಪ್ರಿಲ್‌ನಲ್ಲಿ ನಿಟ್ಟೂರಿಗೆ ಹೋದಾಗ ಗ್ರಹಚಾರ ವಕ್ಕರಿಸಿತು. ಅಲ್ಲಿ ನನ್ನ ಭಾವ, ಅಂದರೆ ಸುಬ್ಬಲಕ್ಷ್ಮಮ್ಮನ ಅಣ್ಣ ಮೂಡಲಗಿರಿಯಪ್ಪ ಇದ್ದಾರೆ. ಹಿಂದೆ ಮಂಡಲ ಪ್ರಧಾನರಾಗಿದ್ದವರು, ಮಾತಿಗೆ ನಿಂತರೆ ಮೈಕು ಬೇಡ. ಅವರ ಮೊಮ್ಮಗನ ನಾಮಕರಣದ ಊಟದಲ್ಲಿ, ನೂರು ಜನರ ಪಂಕ್ತಿಯಲ್ಲಿ, ಕೂಗಿ ಹೇಳಿದರು:

"ಏನ್ ಮೇಷ್ಟ್ರೇ! ಊರ್ ಮಕ್ಳಿಗೆಲ್ಲಾ ಲೆಫ್ಟು ರೈಟು ಹೇಳ್ಕೊಟ್ರಿ. ನಿಮ್ ಮೊಮ್ಮಗಳಿಗೇ ರೈಟು ಯಾವ್ದು ಅಂತ ಗೊತ್ತಿಲ್ವಲ್ಲ!"

ನೂರು ಜನರೂ ನಕ್ಕರು. ನನ್ನ ಮುಖದ ಮೇಲೆ ಸಾರು ಚೆಲ್ಲಿದಂತಾಯಿತು.

ಮಾರನೆಯ ದಿನದಿಂದ ಊಟಕ್ಕೆ ಕೂತಾಗ ಅವಳ ಎಡಗೈಯನ್ನು ನನ್ನ ಕರ್ಚೀಫಿನಲ್ಲಿ ಫ್ರಾಕಿನ ಸೊಂಟಪಟ್ಟಿಗೆ ಕಟ್ಟತೊಡಗಿದೆ. ಗಟ್ಟಿಯಾಗಿ ಅಲ್ಲ, ಅಷ್ಟು ಕಟುಕ ನಾನಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೊದಮೊದಲು ಅತ್ತಳು. ಆಮೇಲೆ ಅಳು ನಿಂತಿತು. ದಾರಿಗೆ ಬಂದಳು ಎಂದುಕೊಂಡೆ. ಆದರೆ ಬಲಗೈಯನ್ನೂ ಎತ್ತಲಿಲ್ಲ. ಈಗ ತುತ್ತನ್ನು ಯಾರಾದರೂ ಬಾಯಿಗೆ ಇಡಬೇಕು. ಬಳಪ ಮುಟ್ಟುವುದಿಲ್ಲ, ಬೊಂಬೆ ಮುಟ್ಟುವುದಿಲ್ಲ. ಯಾರಾದರೂ ನೋಡಿದರೆ ಸಾಕು, ಎರಡು ಕೈಯೂ ತೊಡೆಯ ಕೆಳಗೆ.

ಇವತ್ತು ಶೃತಿ ನೇರವಾಗಿ ಹೇಳಿಬಿಟ್ಟಳು. "ಮಾವ, ಒಂದು ಕೈ ಕಟ್ಟಿದ್ರಿ, ಎರಡೂ ಹೋದ್ವು. ನಂಗೆ ಅವಳು ಮತ್ತೆ ಕೈ ಆಚೆ ತೆಗೆದ್ರೆ ಸಾಕು. ಯಾವ ಕೈ ಅನ್ನೋದು ಆಮೇಲೆ. ಅದಕ್ಕೇ ಆ ಕ್ಲಾಸಿಗೆ ಸೇರ್ಸಿರೋದು."

ನಾಲ್ಕಕ್ಷರ ಕಲಿತವರ ಮಾತು. ನಾನು ಉತ್ತರ ಕೊಡಲಿಲ್ಲ. ಅವಳೂ ಕಾಫಿ ಕೊಡಲಿಲ್ಲ, ಸುಬ್ಬಲಕ್ಷ್ಮಮ್ಮ ತಂದುಕೊಟ್ಟಳು.

೨ ಜುಲೈ, ಬುಧವಾರ

ಹೋದೆವು. ಇವತ್ತು ನಾನು ರೈಲಿನ ಡಬ್ಬಿ. ಕೈ ಆಚೆ ಬರಲಿಲ್ಲ. ಬಂದೆವು.

೧೧ ಜುಲೈ, ಶುಕ್ರವಾರ

ಮಾನ ಹೋಯಿತು. ಅದೂ ನನ್ನ ಬಾಯಿಂದಲೇ.

ಇವತ್ತು ಶಾಂತಲಾ ಮೇಡಂ ಗೇಣುದ್ದದ ಬಣ್ಣದ ಕೋಲು ಹಂಚಿದರು. ಪುಟಾಣಿ ಕೋಲಾಟವಂತೆ. ಮೊದಲು ಬಲಗೈ ಕೋಲು ಎತ್ತಬೇಕು. "ಎಲ್ರೂ ಬಲಗೈ ಮೇಲೆ!" ಅಂದರು. ಒಬ್ಬ ಎಡಗೈ ಎತ್ತಿದ, ಒಬ್ಬಳು ಎರಡೂ ಎತ್ತಿದಳು, ಬೆಳ್ಳಾವಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹೆಣ್ಣುಮಗಳ ಗಂಡುಮಗು ಕಾಲೆತ್ತಿತು. ಮೇಡಂ ನಾಲ್ಕು ಸಲ ಹೇಳಿದರೂ ಸಂತೆಯೇ. ನನ್ನೊಳಗಿನ ಮೇಷ್ಟ್ರು ಎಷ್ಟು ಹೊತ್ತು ಸುಮ್ಮನಿದ್ದಾನು?

"ಮೇಡಂ, ಈ ವಯಸ್ಸಿಗೆ ಎಡ ಬಲ ತಲೆಗೆ ಹೋಗಲ್ಲ. ಎಂಟನೇ ಕ್ಲಾಸಿಗೆ ಬರ್ತಿದ್ದ ನಮ್ ಹಳ್ಳಿ ಹೈಕಳಿಗೇ ಗೊತ್ತಾಗ್ತಿರ್ಲಿಲ್ಲ. ನಾನು ಬಲಗೈ ಅಂತಾನೇ ಅಂತಿರ್ಲಿಲ್ಲ. ಉಣ್ಣೋ ಕೈ ಅಂತಿದ್ದೆ. ಉಣ್ಣೋ ಕೈ ಯಾವ್ದು ಅಂತ ತಿಳೀದೋನು ಭೂಮಿ ಮೇಲಿಲ್ಲ."

"ಇನ್ನೊಂದ್ ಕೈಗೆ ಏನಂತಿದ್ರಿ ಸಾರ್?" ಬೆಳ್ಳಾವಿಯವಳು ಕೇಳಿದಳು.

"ಅದನ್ನ ಹೆಣ್ಮಕ್ಳ ಮುಂದೆ ಹೇಳೋಕಾಗಲ್ಲ ಬುಡಮ್ಮ."

ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕು, "ಹಾಗಾದ್ರೆ ನೀವೇ ಹೇಳಿ ಸರ್" ಎಂದು ಪಕ್ಕಕ್ಕೆ ಸರಿದರು. ನಿವೃತ್ತನಾದ ಮೇಲೆ ಮೊದಲ ಸಲ ಹತ್ತಾರು ಜನರ ಎದುರು ನಿಂತೆ. ಎದೆ ತಾನಾಗಿ ಉಬ್ಬಿತು. ಹಳೇ ಗಂಟಲಲ್ಲಿ ಕೂಗಿದೆ: "ಉಣ್ಣೋ ಕೈ... ಎತ್!"

ಸಟಕ್ಕನೆ ಅಷ್ಟೂ ಬಲಗೈ ಮೇಲೆ ಹೋದವು. ಅಮ್ಮಂದಿರದೂ ಹೋಯಿತು. ಗೋಡೆ ಪಕ್ಕದಿಂದ ಇನ್ನೊಂದು ಕೈ ಮೇಲೆದ್ದಿತು. ಇಂಪನಾಳದು. ಎಷ್ಟೋ ದಿನದಿಂದ ಯಾರ ಕಣ್ಣಿಗೂ ಬೀಳದಿದ್ದ ಕೈ, ಮೊಣಕೈ ಬಗ್ಗದೆ, ಬೆರಳು ಸೇರಿಸಿ, ನೇರವಾಗಿ ಮೇಲಕ್ಕೆ. ಎಡಗೈ.

"ಅಯ್ಯೋ ನೋಡ್ರೀ, ಮೇಷ್ಟ್ರ ಮೊಮ್ಮಗಳೇ ಉಲ್ಟಾ!" ಅಂದಳು ಬೆಳ್ಳಾವಿಯವಳು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ಹಾಲ್ ಪೂರ್ತಿ ನಗು. ನನಗೆ ನಿಟ್ಟೂರಿನ ಪಂಕ್ತಿಯೇ ಕಣ್ಣಿಗೆ ಕಟ್ಟಿತು. "ಆ ಕೈ ಅಲ್ಲ ಕಣೇ, ಇನ್ನೊಂದು!" ಎಂದು ಗದರಿದೆ.

ಕೈ ಇಳಿಯಿತು. ಮತ್ತೆ ತೊಡೆ ಕೆಳಗೆ ಹೋಯಿತು. ಮನೆಗೆ ಬರುವಾಗ ಸ್ಕೂಟರಿನ ಮುಂದೆ ನಿಂತವಳು ಹಾರ್ನ್ ಕೂಡ ಒತ್ತಲಿಲ್ಲ.

೧೨ ಜುಲೈ, ಶನಿವಾರ

ಬೆಳಿಗ್ಗೆಯಿಂದ ಯಾರನ್ನು ಕಂಡರೂ ಕೋಪ. ಹಾಲಿನವನನ್ನು ಬೈದೆ. ಪೇಪರಿನವನನ್ನು ಬೈದೆ. ಮಧ್ಯಾಹ್ನದ ಹೊತ್ತಿಗೆ ಯಾರ ಮೇಲಿನ ಕೋಪ ಎಂದು ಗೊತ್ತಾಯಿತು.

ಟ್ರೈನಿಂಗ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠ: ಸಾಲು ತಪ್ಪಿದರೆ ಮೊದಲು ಆರ್ಡರ್ ನೋಡು, ಆಮೇಲೆ ಹುಡುಗರನ್ನು ನೋಡು. ನಾನು ಕೊಟ್ಟ ಆರ್ಡರ್ ಏನು? ಬಲಗೈ ಎತ್ತು ಎಂದೆನೇ? ಇಲ್ಲ. ಉಣ್ಣೋ ಕೈ ಎತ್ತು ಎಂದೆ. ಅವಳು ಯಾವ ಕೈಯಲ್ಲಿ ಉಣ್ಣುತ್ತಿದ್ದಳೋ ಆ ಕೈ ಎತ್ತಿದಳು. ಹಾಲ್‌ನಲ್ಲಿದ್ದ ಮಿಕ್ಕ ಮಕ್ಕಳು ಅರ್ಧ ಪಕ್ಕದವರನ್ನು ನೋಡಿ, ಅರ್ಧ ಅಮ್ಮನನ್ನು ನೋಡಿ ಎತ್ತಿದವು. ಮಾತು ಕೇಳಿ, ಅರ್ಥ ಮಾಡಿಕೊಂಡು, ಪಾಲಿಸಿದವಳು ಅವಳೊಬ್ಬಳೇ. ಅಂಥವಳನ್ನು ಎಲ್ಲರ ಮುಂದೆ ಗದರಿದೆ! ಬೇರೆ ಯಾವ ಮೇಷ್ಟ್ರಾದರೂ ಹೀಗೆ ಮಾಡಿದ್ದರೆ ನಾನೇ ಹೋಗಿ ಜಗಳ ತೆಗೆಯುತ್ತಿದ್ದೆ.

ಇನ್ನೊಂದು ವಿಷಯ. ಇಷ್ಟು ದಿನ ಕಟ್ಟಿದರೂ ತನ್ನ ಉಣ್ಣೋ ಕೈ ಯಾವುದೆಂದು ಅವಳು ಮರೆತಿಲ್ಲ. ಹಟ ಅಂದರೆ ಅದು! ಸುಬ್ಬಲಕ್ಷ್ಮಮ್ಮನ ಕಡೆಯವರಲ್ಲಿ ಇಷ್ಟು ಹಟ ಇಲ್ಲ, ಅದು ನಮ್ಮ ವಂಶದ್ದೇ.

ಇದರಿಂದ ಎಡಗೈ ಸರಿ ಎಂದು ನಾನು ಒಪ್ಪಿದೆನೆಂದು ಅರ್ಥವಲ್ಲ. ಆರ್ಡರಿನ ವಿಷಯ ಮಾತ್ರ ಬರೆದಿದ್ದೇನೆ.

೧೬ ಜುಲೈ, ಬುಧವಾರ

ಕ್ಲಾಸು ಶುರುವಾಗುವ ಮುಂಚೆಯೇ ಎದ್ದು ನಿಂತೆ. "ಮೇಡಂ, ಎರಡು ನಿಮಿಷ."

"ಹೋದ ಶುಕ್ರವಾರ ನಾನೊಂದು ಆರ್ಡರ್ ಕೊಟ್ಟೆ. ಅದನ್ನ ಸರಿಯಾಗಿ ಪಾಲಿಸಿದ್ದು ಈ ಕೂಸು ಒಂದೇ. ನಿಮ್ ಮಕ್ಳು ಪಕ್ಕದೋರ ಕೈ ನೋಡಿ ಎತ್ತಿದ್ವು. ಇವಳು ನನ್ ಮಾತು ಕೇಳಿ ಎತ್ತಿದ್ಳು. ನಕ್ಕಿದ್ದು ನಿಮ್ ತಪ್ಪು, ಗದರಿದ್ದು ನನ್ ತಪ್ಪು. ಡ್ರಿಲ್‌ನಲ್ಲಿ ನಗಬಾರ್ದು."

ಬೆಳ್ಳಾವಿಯವಳು ಸೆರಗು ಬಾಯಿಗೆ ಇಟ್ಟುಕೊಂಡಳು. ನಗು ಮುಚ್ಚಲೋ, ನಾಚಿಕೆಯಿಂದಲೋ, ದೇವರಿಗೇ ಗೊತ್ತು. ಶಾಂತಲಾ ಮೇಡಂ ಮಾತ್ರ ನಗಲಿಲ್ಲ. ಇಂಪನಾಳ ಎದುರಿಗೆ ಮಂಡಿಯೂರಿ ಕೂತು, "ಮತ್ತೊಂದ್ಸಲ ಹೇಳಿ ಸರ್" ಅಂದರು.

ಹೇಳಿದೆ. ಈ ಸಲ ಕೂಗಲಿಲ್ಲ. ಎಲ್ಲರ ಕೈಯೂ ಮೇಲೆ ಹೋಗಿ ಕಾಯುತ್ತಿದ್ದವು. ಕೈ ನೋಯುತ್ತೆ ಎಂದು ಒಂದು ಮಗು ರಾಗ ತೆಗೆಯಿತು. ಯಾರೂ ಇಳಿಸಲಿಲ್ಲ. ಕೊನೆಗೆ ತೊಡೆಯ ಕೆಳಗಿನಿಂದ ಎಡಗೈಯ ಬೆರಳು ಆಚೆ ಬಂದವು. ಪೂರ್ತಿ ಕೈ ಬರಲಿಲ್ಲ, ಬೆರಳು ಬಂದವು. ಮೇಡಂ ಆ ಬೆರಳಿಗೆ ಒಂದು ಗೆಜ್ಜೆ ತೂಗುಹಾಕಿದರು. ಬೆರಳು ಅಲ್ಲಾಡಿತು. ಗೆಜ್ಜೆ ಘಲ್ ಎಂದಿತು.

ರಾತ್ರಿ ಊಟದ ಹೊತ್ತಿಗೆ ಕರ್ಚೀಫು ಬೆವರು ಒರೆಸಿ ಒರೆಸಿ ಒದ್ದೆಯಾಗಿತ್ತು. ಒದ್ದೆ ಬಟ್ಟೆ ಮಗುವಿಗೆ ಕಟ್ಟಬಾರದು, ಶೀತವಾಗುತ್ತದೆ. ಇವತ್ತು ಕಟ್ಟಲಿಲ್ಲ. ನಾಳೆ ನೋಡೋಣ.

೨೫ ಜುಲೈ, ಶುಕ್ರವಾರ

ಕರ್ಚೀಫು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಲು ಪುರುಸೊತ್ತಿಲ್ಲ. ಮೇಡಂ ನನಗೊಂದು ಕೆಲಸ ಕೊಟ್ಟಿದ್ದಾರೆ: ರೈಲಿನ ಹಾಡಿಗೆ ಹೆಜ್ಜೆ ಕೂಡಿಸುವುದು. ಹಾಡು ಅವರೇ ಕಟ್ಟಿದ್ದು.

ರೈಲು ಬಂತು ಗುಡು ಗುಡು
ಗುಬ್ಬಿ ದಾಟಿ ನಿಟ್ಟೂರು
ಹತ್ತೋರೆಲ್ಲ ಹತ್ರಪ್ಪ
ಕೈ ಬೀಸೋರ್ಗೆ ಕೈ ಬೀಸು

'ಕೈ ಬೀಸು' ಅನ್ನುವಲ್ಲಿ ಸ್ಟೇಷನ್ನಿನಲ್ಲಿ ನಿಂತವರು ರೈಲಿನವರಿಗೆ ಕೈ ಬೀಸಬೇಕು. ಇಂಪನಾ ಸ್ಟೇಷನ್ನಿನಲ್ಲಿ ನಿಂತಿದ್ದಳು. ನಾನು ಇಂಜಿನ್ನು. ಎದುರಿಗೆ ಹಾದುಹೋಗುವಾಗ ಬೀಸಿದಳು! ಸೊಂಟದ ಹತ್ತಿರ, ಯಾರಿಗೂ ಕಾಣದ ಹಾಗೆ, ನನಗೆ ಮಾತ್ರ. ಖುಷಿಗೆ ಒಂದು ಶಿಳ್ಳೆ ಊದಿದೆ. ಇಂಜಿನ್ನು ಶಿಳ್ಳೆ ಊದುವುದು ಸಹಜ, ಆದ್ದರಿಂದ ಯಾರೂ ಏನೂ ಅಂದುಕೊಳ್ಳಲಿಲ್ಲ.

೮ ಆಗಸ್ಟ್, ಶುಕ್ರವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು. ಸುಬ್ಬಲಕ್ಷ್ಮಮ್ಮನಿಗೆ ಮೂರು ಸಲ ಹೇಳಿದೆ, ನಾಲ್ಕನೇ ಸಲ ಹೇಳಲು ಹೋದರೆ ಅಕ್ಕಿ ಆರಿಸುವ ನೆವ ಮಾಡಿಕೊಂಡು ಎದ್ದುಹೋದಳು.

ಕೋಲಾಟ ಇನ್ನೂ ಕೂಡಿ ಬಂದಿಲ್ಲ. ಮೇಡಂ ಎದುರು ನಿಂತು ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯಂತೆ ಎಡಗೈ ಎತ್ತುತ್ತವೆ. ಅವರ ತಪ್ಪಲ್ಲ. ಎದುರಿಗೆ ನಿಂತವರ ಬಲ ನಮ್ಮ ಎಡಕ್ಕೇ ತಾನೇ ಇರುವುದು? ಅದಕ್ಕೇ ಡ್ರಿಲ್ ಮೇಷ್ಟ್ರಾದವನು ಎದುರು ನಿಂತಾಗ ತಾನು ಎಡ ಎತ್ತಬೇಕು, ಆಗ ಮಕ್ಕಳು ಬಲ ಎತ್ತುತ್ತಾರೆ. ಹೇಳುವುದು ಸುಲಭ. ಬಲಗೈಯವನ ಮೈ ಹಾಗೆ ಬಗ್ಗುವುದಿಲ್ಲ. ನಾನು ಅದನ್ನು ಕಲಿಯಲು ವರ್ಷಗಳೇ ಹಿಡಿದವು. ನಮ್ಮ ಬ್ಯಾಚಿನಲ್ಲಿ ಕೆಲವರಿಗೆ ರಿಟೈರ್ ಆದರೂ ಬರಲಿಲ್ಲ.

ಇದನ್ನು ಮೇಡಂಗೆ ವಿವರಿಸುತ್ತಿದ್ದೆ. ಮಧ್ಯದಲ್ಲಿ ನನಗೇ ಹೊಳೆದು ಬಾಯಿ ನಿಂತುಹೋಯಿತು. ಇಂಪನಾಳ ಕಡೆ ನೋಡಿದೆ. ಮೇಡಮ್ಮೂ ನೋಡಿದರು.

"ಪುಟ್ಟಿ, ಇಲ್ಲಿ ನನ್ ಜಾಗದಲ್ಲಿ ಬಂದು ನಿಂತ್ಕೋತೀಯಾ?"

ಅವಳು ನನ್ನನ್ನು ನೋಡಿದಳು. "ಹೋಗು ಕಣೇ" ಅಂದೆ. ಹೋಗಿ ನಿಂತಳು. ಮೇಡಂ ಎರಡು ಕೈಗೂ ಕೋಲು ಕೊಟ್ಟರು. ಆಮೇಲೆ ಖಂಜಿರ ಬಾರಿಸತೊಡಗಿದರು. ಮೊದಲ ಏಟಿಗೆ ಅವಳ ಎಡಗೈ ಎದ್ದಿತು. ಎದುರಿಗಿದ್ದ ಅಷ್ಟೂ ಮಕ್ಕಳ ಬಲಗೈ ಎದ್ದಿತು. ಒಂದೂ ತಪ್ಪಲಿಲ್ಲ. ಮತ್ತೆ ಎಡ, ಮತ್ತೆ ಅಷ್ಟೂ ಬಲ. ಕಾಲೆತ್ತುತ್ತಿದ್ದ ಆ ಬೆಳ್ಳಾವಿ ಹೈದ ಕೂಡ ಕೈ ಎತ್ತಿದ.

ನನಗೆ ವರ್ಷಗಟ್ಟಲೆ ಬೆವರು ಹರಿಸಿ ಬಂದ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದಿದೆ. ಎಲಾ ಇವಳ! ಮೂರೂವರೆ ವರ್ಷಕ್ಕೆ ಡ್ರಿಲ್ ಮೇಷ್ಟ್ರು!

ಬೆಳ್ಳಾವಿಯವಳು ಹೋಗುವಾಗ ಇಂಪನಾಳ ಕೆನ್ನೆ ಹಿಂಡಿ, "ನಮ್ಮೋನ್ಗೂ ಎಡಗೈ ಬಂದಿದ್ರೆ ಚೆನ್ನಾಗಿತ್ತು ಸಾರ್" ಅಂದಳು. "ಅದೆಲ್ಲ ಎಲ್ರಿಗೂ ಬರಲ್ಲಮ್ಮ" ಅಂದೆ.

೧೦ ಸೆಪ್ಟೆಂಬರ್, ಬುಧವಾರ

ಕ್ಲಾಸಿನಿಂದ ಬಂದವಳೇ ಹಸಿವು ಎಂದಳು. ಸುಬ್ಬಲಕ್ಷ್ಮಮ್ಮ ತಟ್ಟೆ ಇಟ್ಟು, ತುತ್ತು ಕಲಸಲು ಕೈ ತೊಳೆದು ಬರುವಷ್ಟರಲ್ಲಿ ಇಂಪನಾ ತಾನೇ ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಗುಳುಂ ಮಾಡಿದ್ದಳು. ಅರ್ಧ ಫ್ರಾಕಿನ ಮೇಲೆ. ಸುಬ್ಬಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ಈ ಹೆಂಗಸರಿಗೆ ಎಲ್ಲದಕ್ಕೂ ಅಳು.

ಯಾವ ಕೈ ಎಂದು ನಾನು ನೋಡಲಿಲ್ಲ. ಪೇಪರ್ ಓದುತ್ತಿದ್ದೆ. ಪೇಪರ್ ತಲೆಕೆಳಗಾಗಿತ್ತು ಎಂದು ಗಂಗಾಧರ ಹೇಳುತ್ತಾನೆ, ಅವನಿಗೆ ಮೊದಲಿಂದಲೂ ಸುಳ್ಳು ಹೇಳುವ ಚಾಳಿ.

ಶೃತಿ ಕಾಫಿ ತಂದುಕೊಟ್ಟಳು. ಸಕ್ಕರೆ ಸರಿಯಾಗಿತ್ತು.

೧೪ ಡಿಸೆಂಬರ್, ಭಾನುವಾರ

ಗುಬ್ಬಿಯಲ್ಲಿ ನಮ್ಮ ಕ್ಲಾಸಿನ ಕಾರ್ಯಕ್ರಮ. ಮೇಡಂ ಎಲ್ಲಿ ಮಾಡೋಣ ಎಂದಾಗ ನಾನೇ ಹೇಳಿದ್ದೆ, ನಾಟಕ ನೋಡಿ ಬೆಳೆದ ಊರು, ಅಲ್ಲಿನವರು ಒಪ್ಪಿದರೆ ಲೋಕ ಒಪ್ಪಿದ ಹಾಗೆ ಎಂದು. ಕಲ್ಯಾಣ ಮಂಟಪ ಕೊಡಿಸಿದವನು ನನ್ನ ಹಳೇ ಶಿಷ್ಯ ತಿಮ್ಮೇಶ್, ಈಗ ಅದರ ಮ್ಯಾನೇಜರು. ಒಂದು ಕಾಲದಲ್ಲಿ ಲೆಫ್ಟ್ ಟರ್ನ್ ಅಂದರೆ ರೈಟಿಗೆ ತಿರುಗುತ್ತಿದ್ದ ಮಹಾಶಯ.

ಮಕ್ಕಳು, ಅಮ್ಮಂದಿರು, ಇಬ್ಬರು ಅಪ್ಪಂದಿರು, ಒಬ್ಬ ತಾತ, ಎಲ್ಲರೂ ಸ್ಟೇಜಿನ ಮೇಲೆ. ಇಂಪನಾ ಮುಂದೆ, ನಮ್ಮ ಕಡೆ ಮುಖ ಮಾಡಿ, ಜನರಿಗೆ ಬೆನ್ನು ತೋರಿಸಿ. ಗುಬ್ಬಿಯವರು ಬಿಡುತ್ತಾರೆಯೇ? ಗುಸುಗುಸು ಶುರುವಾಯಿತು. ತಿಮ್ಮೇಶ್ ಸೈಡಿನಿಂದ ಬಂದು, "ಸಾರ್, ಆ ಮಗು ಬೆನ್ನು ತಿರುಗುಸ್ಕೊಂಡ್ ನಿಂತೈತೆ. ತಿರುಗ್ಸಿ ಸಾರ್, ಜನ ಕೇಳ್ತಾವ್ರೆ" ಅಂದ.

"ಏನ್ಲಾ, ಕಮ್ಯಾಂಡರ್ ಆದೋನು ಸೈನ್ಯ ನೋಡ್ತಾನೋ ನಿನ್ ಮುಖ ನೋಡ್ತಾನೋ? ಹೋಗಲೇ ಅತ್ಲಾಗೆ!"

ನನ್ನ ಗಂಟಲು ಮೈಕಿಗಿಂತ ದೊಡ್ಡದು. ಮಂಟಪವೆಲ್ಲ ಘೊಳ್ಳೆಂದಿತು. ಅವಳು ಮಾತ್ರ ತಿರುಗಿಯೂ ನೋಡಲಿಲ್ಲ. ಎಡಗೈ ಎತ್ತಿದಳು, ನಲವತ್ತು ಬಲಗೈ ಎದ್ದವು. ಕೋಲು ಕೋಲು ಕೂಡಿದ ಶಬ್ದ ಹಾಲ್ ತುಂಬಾ ಒಂದೇ ಏಟಾಗಿ ಬಿತ್ತು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಈ ಊರಿನಲ್ಲಿ ಎಷ್ಟೋ ಸ್ವಾತಂತ್ರ್ಯ ದಿನದ ಪೆರೇಡು ನಡೆಸಿದ್ದೇನೆ, ಇಂಥ ಚಪ್ಪಾಳೆ ನನಗೆ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಾಗಲಿಲ್ಲ. ಸ್ವಲ್ಪವೂ ಇಲ್ಲ.

ಶಾಂತಲಾ ನನಗೊಂದು ಶಾಲು ಹೊದೆಸಿದಳು. "ಇದು ನಿನ್ ದುಡ್ಡು ದಂಡ ಕಣಮ್ಮ" ಎಂದು ಬೈದೆ. ಈಗ ಹೊದ್ದುಕೊಂಡೇ ಬರೆಯುತ್ತಿದ್ದೇನೆ.

೨೮ ಜನವರಿ ೨೦೦೪, ಬುಧವಾರ

ನಿಟ್ಟೂರಿನಿಂದ ಕರೆಯೋಲೆ ಬಂದಿದೆ. ಭಾವ ಆರ್‌ಸಿಸಿ ಮನೆ ಕಟ್ಟಿಸಿದ್ದಾರೆ, ಭಾನುವಾರ ಗೃಹಪ್ರವೇಶ.

ನಾನು ಗಟ್ಟಿಗ ಎಂದುಕೊಂಡಿದ್ದೆ. ಪಂಕ್ತಿ ಎಂಬ ಮಾತು ನೆನಪಾದ ಕೂಡಲೇ ಕರೆಯೋಲೆಯನ್ನು ಪೇಪರಿನ ಕೆಳಗೆ ತಳ್ಳಿದೆ. ಕ್ಲಾಸು ಬೇರೆ, ಗುಬ್ಬಿ ಸ್ಟೇಜು ಬೇರೆ. ನೆಂಟರ ಎಲೆಯ ಮುಂದೆ ಎಡಗೈ ಬೇರೆ. ಆ ನೂರು ಬಾಯಿಯ ನಗು ಈಗಲೂ ಕಿವಿಯಲ್ಲಿದೆ. "ಮನೇಲೇ ಉಣ್ಣಿಸ್ಕೊಂಡು ಹೋಗಾಣ ಬುಡಿ" ಎಂದು ಸುಬ್ಬಲಕ್ಷ್ಮಮ್ಮ ಅಂದಳು. ಶೃತಿ ಬೇಡವೆಂದಳು. "ಅವಳೇನು ಕದ್ದು ತಿನ್ಬೇಕಾ ಅತ್ತೆ?"

ಸಂಜೆ ಇಂಪನಾಳನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. "ಕೂಸೇ, ಒಂದೇ ಒಂದಿನ, ನಿಟ್ಟೂರಲ್ಲಿ ಮಾತ್ರ, ಈ ಕೈಯಲ್ಲಿ ಉಣ್ತೀಯಾ? ತಾತನಿಗೋಸ್ಕರ."

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳ ಎರಡು ಕೈಯೂ ತೊಡೆಯ ಕೆಳಗಿದ್ದವು.

ಥೂ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

೧ ಫೆಬ್ರವರಿ, ಭಾನುವಾರ

ನಿಟ್ಟೂರಿನಿಂದ ಈಗ ಬಂದೆವು. ಹೊಸ ಪಂಚೆಯ ಮೇಲೆಲ್ಲ ಪಾಯಸ.

ಶಾಮಿಯಾನದ ಕೆಳಗೆ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ನಾನು, ನನ್ನ ಪಕ್ಕ ಇಂಪನಾ, ಅವಳ ಪಕ್ಕ ಸುಬ್ಬಲಕ್ಷ್ಮಮ್ಮ. ಎದುರು ಸಾಲಿನಲ್ಲಿ ಗಂಗಾಧರ, ಶೃತಿ. ಕೋಸಂಬರಿ, ಪಲ್ಯ, ಚಿತ್ರಾನ್ನ, ಅನ್ನ ಸಾರು, ಪಾಯಸ, ಒಬ್ಬಟ್ಟು. ಇಂಪನಾ ಎಲೆಯನ್ನೇ ನೋಡುತ್ತ ಕೂತಿದ್ದಳು. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಾಗ ತಡೆಯಲಾಗಲಿಲ್ಲ, ಎಡಗೈಯಲ್ಲಿ ಒಂದು ಚೂರು ಮುರಿದುಕೊಂಡಳು.

ಭಾವ ಉಪಚಾರ ಮಾಡುತ್ತ ಸಾಲಿನುದ್ದಕ್ಕೂ ಬರುತ್ತಿದ್ದವರು ಅವಳೆದುರು ನಿಂತರು.

"ಇನ್ನೂ ಹೋಗಿಲ್ವಾ ಈ ಚಾಳಿ? ಹೊಸಾ ಮನೇಲಿ ಮೊದಲ್ನೇ ಪಂಕ್ತಿ ಕಣ್ ಮೇಷ್ಟ್ರೇ. ಎಡಗೈಯಾಗೆ ಉಂಡ್ರೆ ಏನ್ ಸುಭ ಆದಾತು?" ಎನ್ನುತ್ತ ಬಗ್ಗಿ, ಅವಳ ಎಡಗೈಯಿಂದ ಒಬ್ಬಟ್ಟಿನ ಚೂರು ಬಿಡಿಸಿ, ಬಲಗೈಗೆ ತುರುಕಿದರು.

ಬಲಗೈಯಿಂದ ಅದು ಎಲೆಯ ಮೇಲೆ ಬಿತ್ತು. ಎರಡು ಕೈಯೂ ತೊಡೆಯ ಕೆಳಗೆ ಹೋದವು. ಅವಳು ಭಾವನನ್ನು ನೋಡಲಿಲ್ಲ, ಅಮ್ಮನನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. ಮೊನ್ನೆ ಬುಧವಾರ 'ಒಂದೇ ಒಂದಿನ' ಎಂದು ಕೇಳಿದ್ದನಲ್ಲ, ಆ ತಾತನನ್ನು. ಎದುರು ಸಾಲಿನಲ್ಲಿ ಶೃತಿ ಅರ್ಧ ಎದ್ದಿದ್ದಳು.

ನಾನು ಲೋಟದ ನೀರನ್ನು ಎಡಗೈಗೆ ಸುರಿದುಕೊಂಡು ತೊಳೆದೆ. ಬಲಗೈ ತೊಡೆಯ ಮೇಲಿಟ್ಟೆ. ಎಡಗೈಯಲ್ಲಿ ಅನ್ನ ಕಲಸತೊಡಗಿದೆ.

ಬಡಿಸುವವನು ಬಕೆಟ್ ಹಿಡಿದುಕೊಂಡು ಹಾಗೇ ನಿಂತ.

"ಏನ್ ಮೇಷ್ಟ್ರೇ ಇದು?"

"ಊಟ ಮಾಡ್ತಿದೀನಿ ಭಾವ. ಎಡಗೈ ಅಶುಭ ಅನ್ನೋದಾದ್ರೆ ಮೊದ್ಲು ನನ್ನ ಎಬ್ಸಿ. ದೊಡ್ಡೋನು ನಾನು. ನನ್ ಮೊಮ್ಮಗಳು ಈ ಕೈ ಎತ್ತಿದ್ರೆ ಗುಬ್ಬೀಲಿ ಜನ ಎದ್ದು ನಿಲ್ತಾರೆ. ಮಗೂ ಕೈ ಮುಟ್ಬೇಡಿ."

ಇದಕ್ಕಿಂತ ಹೆಚ್ಚು ಮಾತು ನನ್ನಲ್ಲಿರಲಿಲ್ಲ. ಭಾವನ ಮುಖ ಕೆಂಪಾಯಿತು. ಈಗ ಸಿಡಿಯುತ್ತಾರೆ ಎನ್ನುವಷ್ಟರಲ್ಲಿ ಸುಬ್ಬಲಕ್ಷ್ಮಮ್ಮ, ಅಣ್ಣನ ಎದುರು ಹುಟ್ಟಿದಾರಭ್ಯ ತಲೆ ಎತ್ತದವಳು, ಬಾಯಿ ಬಿಟ್ಟಳು. "ಅಣ್ಣಯ್ಯ, ಅಲ್ಲಿ ಕೊನೇ ಎಲೆಗೆ ಒಬ್ಬಟ್ಟು ಬಂದಿಲ್ಲ, ನೋಡೋಗು." ಭಾವ ಕೊನೇ ಎಲೆಯ ಕಡೆಗೆ ನಡೆದರು.

ಶಪಥ ಮಾಡುವುದು ಸುಲಭ, ತಿನ್ನುವುದು ಕಷ್ಟ. ಅನ್ನ ಬೆರಳ ಸಂದಿಯಿಂದ ಜಾರಿತು. ಸಾರು ಮೊಣಕೈವರೆಗೆ ಹರಿಯಿತು. ಪಾಯಸಕ್ಕೆ ಕೈ ಹಾಕಿದೆ, ಅದು ನನ್ನ ಮಡಿಲಿಗೇ ಬಂತು. ಯಾರೋ ಕಿಸಕ್ಕೆಂದರು. ನಾನು ತಲೆ ಬಗ್ಗಿಸದೆ ಮತ್ತೊಂದು ತುತ್ತು ಎತ್ತಿದೆ, ಅದು ಗಲ್ಲಕ್ಕೆ ಮೆತ್ತಿಕೊಂಡಿತು.

ಪಕ್ಕದಿಂದ ಒಂದು ನಿಟ್ಟುಸಿರು ಕೇಳಿಸಿತು. ದಡ್ಡ ಹುಡುಗರನ್ನು ಕಂಡು ಮೇಷ್ಟ್ರುಗಳು ಬಿಡುವಂಥದ್ದು. ಇಂಪನಾ ಎಡಗೈಯನ್ನು ತೊಡೆಯ ಕೆಳಗಿನಿಂದ ತೆಗೆದು, ನನ್ನ ಎಲೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಚಾಚಿದಳು.

"ತಾತಾ, ನಿಂಗೆ ಬರಲ್ಲ. ನನ್ ಕೈ ನೋಡು."

ನೋಡಿದೆ. ಇಡೀ ಪಂಕ್ತಿ ನೋಡಿತು.